ಬೀದಿ ಬೆಕ್ಕಿನ ನೋವು

ಬೆಕ್ಕಿನ ಮೇಲೊಂದು ಲೇಖನವೇ ಎಂದು ಸಹಪಾಠಿಗಳು ನಗಬಹುದು. ನಗಲಿ. ನಮ್ಮೂರಿನಲ್ಲಿ ಹೋರಿಯ ಬೀಜ ಒಡೆಯುವಾಗ ನಾಲ್ವರು ಸೇರಿ ಕೆಡವಿ, ಕಾಲು ಕಟ್ಟಿ, ಅದುಮಿ ಹಿಡಿಯುತ್ತಿದ್ದುದನ್ನು ಕಂಡು ಬೆಳೆದವನು ನಾನು. ಅರಿವಳಿಕೆ ಎಂಬ ಮಾತನ್ನು ಕೇಳಿದ್ದೇ ಪಟ್ಟಣಕ್ಕೆ ಬಂದ ಮೇಲೆ.

ಈಗ ಬೀದಿ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ ಅರಿವಳಿಕೆ ಕೊಡುತ್ತಾರೆ, ಸಂತೋಷ. ಬೋನಿಗೆ ಬಿದ್ದ ಬೆಕ್ಕು ಕೈಗೆ ಸಿಗುವಂಥದಲ್ಲ. ಅದನ್ನು ಬೋನಿನ ಒಂದು ಪಕ್ಕಕ್ಕೆ ಒತ್ತಿ ಕೆಟಮಿನ್, ಜೈಲಜಿನ್ ಔಷಧಗಳನ್ನು ಸ್ನಾಯುವಿಗೆ ಚುಚ್ಚುವುದುಂಟು. ಕೆಲವೇ ನಿಮಿಷಗಳಲ್ಲಿ ಮಲಗುತ್ತದೆ. (ಕಣ್ಣು ಮಾತ್ರ ತೆರೆದೇ ಇರುವುದರಿಂದ ಒಣಗದಂತೆ ಮುಲಾಮು ಹಚ್ಚಬೇಕು.) ಆದರೆ ಆ ಮದ್ದಿನ ಬಲ ಇಳಿದ ಮೇಲೆ? ಹೊಟ್ಟೆ ಸೀಳಿ ಅಂಡಾಶಯ ತೆಗೆಸಿಕೊಂಡ ಹೆಣ್ಣುಬೆಕ್ಕು ಮೂಲೆಯಲ್ಲಿ ಮುದುರಿ ಕೂರುತ್ತದೆ. ಕೂಗುವುದಿಲ್ಲ, ನೋವಿಲ್ಲವೆಂದು ನಾವು ತಿಳಿಯುತ್ತೇವೆ.

ಸಾಕಿದ ಬೆಕ್ಕಿಗಾದರೆ ಮರುದಿನ ಮನೆಯವರು ವೈದ್ಯರು ಹೇಳಿದ ಮದ್ದು ಕೊಟ್ಟಾರು. (ನಾವು ನುಂಗುವ ಪ್ಯಾರಾಸಿಟಮಾಲ್ ಕೊಡಕೂಡದು, ಬೆಕ್ಕಿಗೆ ಅದು ವಿಷ.) ಬೀದಿಯದಕ್ಕೆ ಯಾರಿದ್ದಾರೆ? ಬಿಟ್ಟೊಡನೆ ಓಡಿದ್ದು ಮತ್ತೆ ಸಿಗದು. ಆದಕಾರಣ ಸುಮಾರು 24 ಗಂಟೆ ನೋವು ತಡೆಯುವ ಮೆಲಾಕ್ಸಿಕಾಮ್‌ನಂಥ ಔಷಧವನ್ನು ಅದು ಮಲಗಿರುವಾಗಲೇ ಚುಚ್ಚಬೇಕು. ಬೆಕ್ಕುಗಳು ಬಹಳ, ಹಣ ಕಡಿಮೆ ಎನ್ನುವವರಿದ್ದಾರೆ. ದಿನಕ್ಕೆ ಎರಡು ಬೆಕ್ಕು ಕಡಿಮೆಯಾದರೂ ಸರಿಯೇ, ಆ ಸೂಜಿಯನ್ನು ಬಿಡಬಾರದೆಂದು ನನ್ನ ಅಭಿಪ್ರಾಯ. ಈ ಚಿಕಿತ್ಸೆಯನ್ನು ಬೆಕ್ಕೇನೂ ಬೇಡಿರಲಿಲ್ಲ.

ರಜೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಹೋರಿಗೂ ಆ ಸೂಜಿ ಐತೇನಪ್ಪ?" ಎಂದು ಕೇಳಿದರು. ಇದೆ, ಪಶುವೈದ್ಯರನ್ನು ಕರೆಸಬೇಕು ಎಂದೆ.