ಜೋಗಪ್ಪನ ಕೈಗೆ ಮೈಕು ಕೊಡಿ

ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿ ಯಲ್ಲಮ್ಮನ ಗುಡ್ಡದ ಕಡೆ ಬಂಡಿಗಳು ಹೊರಡುತ್ತವೆ. ದೇವಿಯ ಹಡ್ಲಿಗಿ ತುಂಬಿಸಲು, ಅವಳ ಹೆಸರಿಗೆ ಗಂಡುಡುಗೆ ಬಿಟ್ಟು ಸೀರೆ ಉಟ್ಟ ಜೋಗಪ್ಪ ಬೇಕು, ಚೌಡಿಕೆ ನುಡಿಸಲು ಜೋಗಪ್ಪ ಬೇಕು, ಕೂಸಿನ ಹಣೆಗೆ ಭಂಡಾರ ಹಚ್ಚಲು ಜೋಗಪ್ಪ ಬೇಕು. ಅದೇ ಜೋಗಪ್ಪ ಬಾಡಿಗೆಗೆ ಒಂದು ಖೋಲಿ ಕೇಳಿದರೆ ಕಾಲಿಗೆ ಬಿದ್ದವರೇ ಕದ ಹಾಕುತ್ತಾರೆ. ಇದನ್ನು ಭಕ್ತಿ ಎಂದು ಕರೆಯಲು ನಾನು ತಯಾರಿಲ್ಲ.

ನನ್ನ ಸಿಟ್ಟು ಊರಿನ ಮೇಲಷ್ಟೇ ಅಲ್ಲ, ಕಾಮನಬಿಲ್ಲಿನ ಬಾವುಟ ಹಿಡಿದ ನಗರದ ಗೆಳೆಯರ ಮೇಲೂ ಇದೆ. ಎಲ್‌ಜಿಬಿಟಿಕ್ಯೂ ಎಂಬ ಅಕ್ಷರಗಳು ಈ ಸೀಮೆಗೆ ಬರುವ ಎಷ್ಟೋ ಮೊದಲೇ ಸೀರೆ ಉಟ್ಟು, ಮುತ್ತು ಕಟ್ಟಿಸಿಕೊಂಡು, ಹಾಡಹಗಲೇ ಸಂತೆಯ ನಡುವೆ ನಡೆದವರು ಜೋಗಪ್ಪಗಳು. ಪ್ಯಾಂಟು ತೊಟ್ಟ ಸಲಿಂಗಿ ಗಂಡಸು ತನ್ನ ಗುಟ್ಟನ್ನು ಎದೆಯೊಳಗೆ ಹೂತಿಡಬಹುದಿತ್ತು. ಅದೂ ನರಕವೇ. ಇವರಿಗೆ ಮಾತ್ರ ಬಚ್ಚಿಟ್ಟುಕೊಳ್ಳಲು ಜಾಗವೇ ಇರಲಿಲ್ಲ. ಆದ್ದರಿಂದ ಲಾಠಿ ಮೊದಲು ಬಿದ್ದದ್ದು ಇವರ ಮೇಲೆ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದು ಹಿಜಡಾಗಳ ಹೆಸರು, ವಿಳಾಸ ಬರೆದಿಡುವ ಪಟ್ಟಿ ತೆರೆದರು. ಬ್ರಿಟಿಷರು ಹೋದರು, ಪಟ್ಟಿಯ ಯೋಚನೆ ಹೋಗಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟು ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. ಆಮೇಲೆ ಎರಡೇ ವರ್ಷಕ್ಕೆ, 2011ರಲ್ಲಿ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಅದೇ ಪಟ್ಟಿಯನ್ನು ಮತ್ತೆ ತೆರೆಯುವ ಅಧಿಕಾರವನ್ನು ಪೊಲೀಸ್ ಕಮಿಷನರ್ ಕೈಗೆ ಕೊಟ್ಟರು. ಸಲಿಂಗಿಗಳೂ ಇವರೂ ಒಂದೇ ಮೆರವಣಿಗೆಯಲ್ಲಿ ನಡೆದವರು. ಒಬ್ಬರಿಗೆ ಬಿಡುಗಡೆಯ ಸುದ್ದಿ, ಇನ್ನೊಬ್ಬರಿಗೆ ಠಾಣೆಯ ರಿಜಿಸ್ಟರು!

ಕೊನೆಗೆ ಸುಪ್ರೀಂ ಕೋರ್ಟು 2018ರಲ್ಲಿ ಸಲಿಂಗ ಪ್ರೇಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಾಗ ಆಧಾರವಾಗಿ ಹಿಡಿದ ತೀರ್ಪುಗಳಲ್ಲಿ, ತೃತೀಯ ಲಿಂಗವನ್ನು ಮಾನ್ಯ ಮಾಡಿದ 2014ರ ನಾಲ್ಸಾ ತೀರ್ಪೂ ಒಂದು. ಅದು ಲಿಂಗತ್ವ ಅಲ್ಪಸಂಖ್ಯಾತರು ಹೋರಾಡಿ ಗೆದ್ದದ್ದು. ಗೆದ್ದವರಿಗೆ ಸಿಕ್ಕಿದ್ದೇನು? ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ ಹೆಸರಿನ 2019ರ ಕಾಯ್ದೆ. ಅದರಲ್ಲಿ ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಹೆಚ್ಚೆಂದರೆ ಎರಡು ವರ್ಷ ಸಜೆ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ. ಇವರ ಮೈಗೆ ಬೆಲೆ ಕಟ್ಟಿದವರು ಯಾರು?

ಈ ಅವಮಾನ ನಮ್ಮಲ್ಲಷ್ಟೇ ನಡೆದದ್ದಲ್ಲ. 1973ರಲ್ಲಿ ನ್ಯೂಯಾರ್ಕಿನ ಪ್ರೈಡ್ ಸಭೆಯಲ್ಲಿ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಸಿಲ್ವಿಯಾ ರಿವೆರಾ ಜೈಲಿನಲ್ಲಿ ಕೊಳೆಯುತ್ತಿದ್ದ ತಮ್ಮವರ ಪರ ಮಾತಾಡಲು ಎದ್ದಾಗ, ಕೂಗಿ ಬಾಯಿ ಮುಚ್ಚಿಸಲು ನೋಡಿದ್ದು ಸ್ವಂತ ಚಳವಳಿಯ ಜನವೇ.

ಹೆತ್ತವರು ಹೊರಗಟ್ಟಿದ ಮಗುವನ್ನು ಮಡಿಲಿಗೆ ಹಾಕಿಕೊಂಡು ಅನ್ನ ಹಾಕಿ, ಹಾಡು, ಕುಣಿತ ಕಲಿಸಿದ್ದು ಜೋಗಪ್ಪ, ಜೋಗತಿಯರ ಗುರುಮನೆ. ರಕ್ತಸಂಬಂಧದ ಆಚೆಗೂ ಸಂಸಾರ ಕಟ್ಟಬಹುದೆಂದು ಇವರು ಬದುಕಿ ತೋರಿಸಿದ್ದಾರೆ. ಕಾಳವ್ವ ಜೋಗತಿಯ ಶಿಷ್ಯೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಬ್ಬ ಮಂಜಮ್ಮನನ್ನು ತೋರಿಸಿ ಉಳಿದವರ ಹಸಿವನ್ನು ಮರೆಸಬೇಡಿ.

ಮೆರವಣಿಗೆಯ ಮುಂದೆ ಜೋಗಪ್ಪ ಕುಣಿಯಬೇಕು, ವೇದಿಕೆಯಲ್ಲಿ ಇಂಗ್ಲಿಷ್ ಬಲ್ಲವರು ಮಾತಾಡಬೇಕು. ಈ ಪದ್ಧತಿ ಇಂದೇ ನಿಲ್ಲಲಿ. ಘಟಪ್ರಭೆಯ ದಂಡೆಯಿಂದ ಬಂದವರು ತಮ್ಮ ಕನ್ನಡದಲ್ಲೇ, ಚೀಟಿ ಕಳಿಸಿ ಯಾರೂ ತಡೆಯದ ಹಾಗೆ, ಮಾತು ಮುಗಿಯುವವರೆಗೂ ಮಾತಾಡಲಿ.