ನೋಡಿ ಹೇಳಿದ್ದಕ್ಕೂ ಕೂಲಿ

ಕೆಂಗೇರಿಗೆ ಸಮೀಪದ ಉಲ್ಲಾಳ ಮೊನ್ನೆಮೊನ್ನೆಯವರೆಗೂ ಹಳ್ಳಿಯೇ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ಏಳು ನಗರಸಭೆಗಳೂ ಒಂದು ಪುರಸಭೆಯೂ 110 ಹಳ್ಳಿಗಳೂ ನಗರದೊಡಲು ಸೇರಿದುವು. ಉಲ್ಲಾಳವೂ ಆ ವಿಸ್ತರಣದಲ್ಲಿ ಪಟ್ಟಣವಾಯಿತು. (2025ರಲ್ಲಿ ಆ ಪಾಲಿಕೆಯೇ ಐದಾಗಿ ಒಡೆಯಿತು, ಮನೆಗಳ ನಲ್ಲಿಗಳು ಮಾತ್ರ ಎಂದಿನಂತೆ ಸೋರುತ್ತಿವೆ.) ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ನಿವೇಶನಗಳಲ್ಲಿ ಸಾಲಸೋಲ ಮಾಡಿ ಎಬ್ಬಿಸಿದ ಮನೆಗಳಲ್ಲಿ ಎಷ್ಟೋ ಈಗ ಹದಿನೈದು ವರ್ಷ ದಾಟಿವೆ. ಮನೆಗೂ ಅದೊಂದು ವಯಸ್ಸು. ಕೊಳವೆಬಾವಿಯ ಗಡಸು ನೀರು ನಲ್ಲಿಯ ಬಾಯಿಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಹಾಕಿಕೊಳ್ಳಲೊಲ್ಲದು. ಮಲಗುವ ಕೋಣೆಯ ಗೋಡೆಯ ಮೇಲೆ ಭೂಪಟದಂಥ ಕಲೆಯೊಂದು ಮೂಡುತ್ತದೆ.

ಆಗ ನೆನಪಾಗುವವನೇ ಸಣ್ಣಪುಟ್ಟ ರಿಪೇರಿಯ ಕಸುಬುದಾರ. ಮನೆ ಕಟ್ಟಿಸಿಕೊಟ್ಟ ಮೇಸ್ತ್ರಿ ಇಂಥ ಕೆಲಸಕ್ಕೆ ಬರುವುದಿಲ್ಲ. ಬಂದರೆ ಅವನಿಗೆ ಗಿಟ್ಟುವುದೂ ಇಲ್ಲ. ಈ ಕಸುಬಿಗೆ ಬೇಕಾದ ಬಂಡವಾಳ ಮೇಲ್ನೋಟಕ್ಕೆ ಅಲ್ಪ: ಒಂದು ದ್ವಿಚಕ್ರ ವಾಹನ, ಒಂದು ಡ್ರಿಲ್ಲಿಂಗ್ ಯಂತ್ರ, ಸ್ಪ್ಯಾನರು ಕರಣೆಗಳ ಚೀಲ, ಒಂದು ಮೊಬೈಲು. ಆದರೆ ನಿಜವಾದ ಬಂಡವಾಳ ಚೀಲದಲ್ಲಿರುವುದಿಲ್ಲ.

ಸೋರುವ ನಲ್ಲಿಯನ್ನೇ ತೆಗೆದುಕೊಳ್ಳಿ. ಬರಲು ಅರ್ಧ ಗಂಟೆ, ಹೋಗಲು ಅರ್ಧ ಗಂಟೆ, ತಕ್ಕ ವಾಷರಿಗಾಗಿ ಅಂಗಡಿಗೆ ಒಂದು ಸುತ್ತು. ಬಿಚ್ಚಿ ಹಾಕುವುದಕ್ಕೆ ಐದು ನಿಮಿಷ. ಮನೆಯೊಡತಿಯ ಕಣ್ಣಿಗೆ ಬೀಳುವುದು ಆ ಐದು ನಿಮಿಷ ಮಾತ್ರ. "ಏನಪ್ಪಾ, ಇಷ್ಟು ಕೆಲಸಕ್ಕೆ ಮುನ್ನೂರು ರೂಪಾಯಿಯೇ?" ಎಂಬ ಪ್ರಶ್ನೆಗೆ "ನೋಡಿ ಕೊಡಿ, ಅಮ್ಮಾ" ಎನ್ನುವುದಲ್ಲದೆ ಅವನಿಗೆ ಬೇರೆ ಉತ್ತರ ತೋಚುವುದಿಲ್ಲ.

ನಲ್ಲಿಯ ಮಾತು ಹಾಗಿರಲಿ, ಗೋಡೆಯ ತೇವ ಇನ್ನೂ ಜಟಿಲ. ಪುಟ್ಟಿ ಬಳಿದು ಬಣ್ಣ ಹೊಡೆಯುವುದು ಯಾರಿಗಾದರೂ ಬರುತ್ತದೆ; ಎರಡು ತಿಂಗಳಲ್ಲಿ ಕಲೆ ಮತ್ತೆ ಇಣುಕುತ್ತದೆ. ಬಲ್ಲವನು ಬಣ್ಣದ ಮಾತೆತ್ತುವ ಮುನ್ನ ಪ್ರಶ್ನೆ ಕೇಳುತ್ತಾನೆ. ಕಲೆ ಬೇಸಗೆಯಲ್ಲಿ ಒಣಗುತ್ತದೆಯೋ? ಒಣಗುವುದಾದರೆ ತಾರಸಿಯನ್ನೋ ಹೊರಗೋಡೆಯ ಬಿರುಕನ್ನೋ ಶಂಕಿಸಬೇಕು. ನೆಲದಿಂದ ಎರಡು ಮೂರಡಿ ಎತ್ತರಕ್ಕೆ ಮಾತ್ರ ಹಬ್ಬಿದ್ದರೆ ತಳಪಾಯದ ತೇವ ಮೇಲೇರುತ್ತಿರಬಹುದು. ವರ್ಷವಿಡೀ ಇದ್ದು, ಪಕ್ಕದಲ್ಲಿ ಬಚ್ಚಲಿದ್ದರೆ ರಾತ್ರಿ ಮಲಗುವಾಗ ನಲ್ಲಿಗಳನ್ನೆಲ್ಲ ಮುಚ್ಚಿ, ಮೇಲಣ ತೊಟ್ಟಿಯ ನೀರಿನ ಮಟ್ಟಕ್ಕೆ ಗುರುತು ಹಾಕಿಡಲು ಹೇಳುತ್ತಾನೆ. ಬೆಳಗಾಗುವಾಗ ಮಟ್ಟ ಇಳಿದಿದ್ದರೆ ನೀರು ತರುವ ಕೊಳವೆಯಲ್ಲೆಲ್ಲೋ ಸೋರಿಕೆ. ಇಳಿಯದಿದ್ದರೆ ಬಚ್ಚಲ ನೆಲದ ಸಂದುಗಳನ್ನೂ ನೀರು ಹೊರಹೋಗುವ ಕೊಳವೆಯನ್ನೂ ನೋಡಬೇಕು; ನೆಲದ ಜಾಲರಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿದರೆ ನೆಲದ ದೋಷ ಹೊರಬೀಳುತ್ತದೆ. ಇಷ್ಟಾದ ಮೇಲೆ ಒಡೆಯಬೇಕಾದದ್ದು ಒಂದೆರಡು ಟೈಲ್ಸ್ ಮಾತ್ರವಿರಬಹುದು. ಇಷ್ಟಾಗದೆ ಒಡೆಯಹೊರಟರೆ ಬಚ್ಚಲನ್ನೇ ಒಡೆಯಬೇಕಾದೀತು.

ಈ ತಿಳಿವಿಗೆ ಕೂಲಿಯುಂಟೆ? ಸುಣ್ಣ ಬಳಿದದ್ದಕ್ಕೆ, ಗಾರೆ ಕಲಸಿದ್ದಕ್ಕೆ ಕೂಲಿ ಕೊಡುವ ನಮ್ಮ ಮನೆಗಳಲ್ಲಿ ನೋಡಿ ಹೇಳಿದ್ದಕ್ಕೆ ಕೊಡುವ ರೂಢಿಯಿಲ್ಲ. "ಬಂದು ನೋಡಿ ಲೆಕ್ಕ ಹೇಳಿಹೋಗು" ಎಂದು ನಾಲ್ವರನ್ನು ಕರೆಸಿ, ಕಾರಣ ಕಂಡುಹಿಡಿದವನ ಮಾತು ಕೇಳಿ, ಕಡಮೆ ಹೇಳಿದವನಿಗೆ ಕೆಲಸ ಕೊಡುವುದು ಜಾಣತನವೆನ್ನಿಸಿಕೊಂಡಿದೆ. ಕಂಡುಹಿಡಿದವನು ತನ್ನ ಪೆಟ್ರೋಲು ಸುಟ್ಟುಕೊಂಡು ಹಿಂದಿರುಗುತ್ತಾನೆ.

ಕೊಡದ ಕೂಲಿ ಹಾಗೆಂದು ಉಳಿಯುವುದಿಲ್ಲ. ಬೇರೊಂದು ಬಾಗಿಲಿನಿಂದ ವಸೂಲಾಗುತ್ತದೆ. ಸಾಮಾನು ಕೊಡಿಸಿದವನಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಮಿಷನ್ ಸಿಗುವುದುಂಟು. ಬಣ್ಣದ ಡಬ್ಬಿಯೊಳಗೆ ಪೇಂಟರಿಗೆಂದೇ ಟೋಕನ್ ಇರಿಸುವ ಪದ್ಧತಿಯಂತೂ ಹಳೆಯದು. ಡಬ್ಬಿಯಿಂದ ಸಂಪಾದಿಸಬೇಕಾದವನು ಡಬ್ಬಿ ಬೇಡವೆಂದು ಹೇಗೆ ಹೇಳಿಯಾನು? ಎರಡು ಟೈಲ್ಸ್ ತೆಗೆದು ಮುಗಿಸಬಹುದಾದ ಕೆಲಸ ಹೊಸ ಗಿಲಾವು, ಹೊಸ ಪುಟ್ಟಿ, ನಾಲ್ಕು ಗೋಡೆಗೂ ಬಣ್ಣವಾಗಿ ಬೆಳೆಯುವುದು ಹೀಗೆ. ಇದನ್ನು ಮೋಸವೆಂದು ಬೈಯುವವರು ಅದರ ಬೇರು ಎಲ್ಲಿದೆಯೆಂದು ಯೋಚಿಸುವುದು ಅಪರೂಪ.

ವಿಚಿತ್ರವೆಂದರೆ, ಅದೇ ಮನೆಯವರು ಮೊಬೈಲಿನಲ್ಲಿ ಗುಂಡಿಯೊತ್ತಿ ಕರೆಸಿದಾಗ ತಕರಾರಿಲ್ಲದೆ ಹಣ ಕಟ್ಟುತ್ತಾರೆ. 2014ರಲ್ಲಿ ಆರಂಭವಾಗಿ 2020ರಲ್ಲಿ ಅರ್ಬನ್ ಕಂಪನಿಯೆಂದು ಹೆಸರು ಬದಲಿಸಿಕೊಂಡ ಸಂಸ್ಥೆಯಂಥವು ದರಪಟ್ಟಿಯನ್ನು ಮೊದಲೇ ತೋರಿಸುತ್ತವೆ. ಅಂಥ ಸೇವೆಗಳಲ್ಲಿ ಪರಿಶೀಲನೆಗೂ ಶುಲ್ಕವಿರುವುದುಂಟು. ಬರುವವನು ದುಡಿದದ್ದರಲ್ಲಿ ಸಂಸ್ಥೆಗೊಂದು ಪಾಲು. ಪಕ್ಕದ ಬೀದಿಯವನು ಪಾಲುಗಾರನಿಲ್ಲದೆ ಅದೇ ಶುಲ್ಕ ಕೇಳಿದರೆ ಅದು ದುರಾಸೆ! ಅಚ್ಚಾದ ದರಕ್ಕಿರುವ ಮರ್ಯಾದೆ ಬಾಯಿಮಾತಿನ ದರಕ್ಕಿಲ್ಲ.

ಆದ್ದರಿಂದಲೇ ಈ ಕಸುಬನ್ನು ನೆಲೆಯಾಗಿ ನಡೆಸಬೇಕೆನ್ನುವವನು ಮೊದಲು ಕೊಳ್ಳಬೇಕಾದದ್ದು ಒಂದು ಬಿಲ್ಲುಪುಸ್ತಕ. ಬಂದು ನೋಡಿದ್ದಕ್ಕೆ ಇಷ್ಟು, ಕೆಲಸ ಒಪ್ಪಿಸಿದರೆ ಆ ಮೊತ್ತ ಕೂಲಿಯಲ್ಲಿ ವಜಾ ಎಂದು ಫೋನಿನಲ್ಲೇ ತಿಳಿಸಿಬಿಡಬೇಕು. ಕೂಲಿಯ ಲೆಕ್ಕ ಬೇರೆ, ಸಾಮಾನಿನ ಲೆಕ್ಕ ಬೇರೆ. ಸಾಮಾನಿನ ಪಟ್ಟಿ ಮಾತ್ರ ಅವನದು, ಕೊಳ್ಳುವುದು ಮನೆಯವರೇ. ಕೆಲವು ಕರೆಗಳು ಫೋನಿನಲ್ಲೇ ಮುಗಿದುಹೋಗುತ್ತವೆ, ನಿಜ. ಆದರೆ ಹೋದ ಕಡೆಯಲ್ಲಿ ಚೌಕಾಸಿ ಇರುವುದಿಲ್ಲ. ಗೋಡೆಯೊಡೆದು ಕೊಳವೆ ಸರಿಪಡಿಸಿದಾಗ, ಗಾರೆ ಮುಚ್ಚುವ ಮೊದಲು ಒಂದು ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು ಮನೆಯೊಡತಿಯ ಮೊಬೈಲಿಗೂ ಕಳಿಸಬೇಕು. ಮುಂದೆಂದೋ ಆ ಗೋಡೆಗೆ ಮೊಳೆ ಹೊಡೆಯುವ ದಿನ ಅವರು ಆ ಚಿತ್ರ ಹುಡುಕುತ್ತಾರೆ. ಜೊತೆಗೆ ಅವನ ನಂಬರೂ ಸಿಗುತ್ತದೆ.