ಎಂಬತ್ನಾಲ್ಕರಲ್ಲಿ ಎಪ್ಪತ್ತೊಂದು

ಡಿಸೆಂಬರ್‌ನ ಒಂದು ಭಾನುವಾರ ಮಧ್ಯಾಹ್ನ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಒಂದು ಪಾರ್ಕು. ಎರಡು ಡಿಗ್ರಿ ಚಳಿ, ಬೀಳುತ್ತಿರುವುದು ಅರ್ಧ ಮಳೆ, ಅರ್ಧ ಹಿಮ. ನನ್ನ ಎಡಗೈ ಬೆರಳುಗಳು ಇವೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಜಾರುವ ದಿಬ್ಬವೊಂದನ್ನು ಹತ್ತುತ್ತಿದ್ದೇನೆ. ಹಗ್ಗದ ಆಚೆ ನಿಂತ ಅಜ್ಜನೊಬ್ಬ ದನದ ಕೊರಳಿಗೆ ಕಟ್ಟುವಂಥ ಗಂಟೆ ಅಲ್ಲಾಡಿಸುತ್ತಾ ‘ಗೋ ಆನ್ ಲ್ಯಾಡ್’ ಎಂದು ಕೂಗುತ್ತಿದ್ದಾನೆ. ಅಷ್ಟರಲ್ಲಿ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ನನ್ನನ್ನು ದಾಟಿ ಹೋದ. ಎರಡನೇ ಸಲ.

ಅದು ನಮ್ಮ ಪ್ರಾದೇಶಿಕ ಸೈಕ್ಲೋಕ್ರಾಸ್ ಚಾಂಪಿಯನ್‌ಷಿಪ್. ಸಂಜೆ ಅಪ್ಪನಿಗೆ ಫೋನ್ ಮಾಡಿದೆ.

‘ಎಷ್ಟನೇ ನಂಬರ್ ಬಂದಿ?’

‘ಎಪ್ಪತ್ತೊಂದು.’

‘ಎಷ್ಟ್ ಮಂದ್ಯಾಗ?’

‘ಎಂಬತ್ನಾಕು.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮತ್ತ ಆ ಹದಿಮೂರ ಮಂದಿ ಏನ್ ಮಾಡಾಕತ್ತಿದ್ರು?’ ಎಂದರು. ಏನು ಸಿಕ್ಕಿತು ಎಂದು ಕೇಳಿದರು. ಏನೂ ಇಲ್ಲ, ನಾನೇ ರೊಕ್ಕ ಕೊಟ್ಟು ಚಹಾ ಕುಡಿದೆ ಅಂದೆ.

ಅಪ್ಪನ ಪ್ರಶ್ನೆಗೆ ನಕ್ಕೆ. ಆದರೆ ‘ಏನು ಸಿಕ್ಕಿತು’ ಎಂಬುದು ರಾತ್ರಿಯಿಡೀ ತಲೆಯಲ್ಲೇ ಉಳಿಯಿತು. ಏಕೆಂದರೆ ನಾನು ವಿಜಯಪುರದ ಹುಡುಗ. ನಮ್ಮಲ್ಲಿ ಸೈಕಲ್ ಎಂದರೆ ಆಟವಲ್ಲ, ನೌಕರಿ.

ಮೊದಲು ಈ ಆಟ ಏನೆಂದು ಹೇಳಿಬಿಡುತ್ತೇನೆ. ಸೈಕ್ಲೋಕ್ರಾಸ್ ಚಳಿಗಾಲದ ರೇಸು. ಸೆಪ್ಟೆಂಬರ್‌ನಲ್ಲಿ ಶುರುವಾಗಿ ಫೆಬ್ರುವರಿ ಹೊತ್ತಿಗೆ ಮುಗಿಯುತ್ತದೆ. ಮೂರು ಕಿಲೋಮೀಟರ್ ಆಸುಪಾಸಿನ ಒಂದು ಸುತ್ತು: ಹುಲ್ಲು, ಕೆಸರು, ಮರಳು, ದಿಬ್ಬ, ಕೆಲವೆಡೆ ಮೆಟ್ಟಿಲು. ನಡುವೆ ನಲವತ್ತು ಸೆಂಟಿಮೀಟರ್‌ವರೆಗೆ ಎತ್ತರದ ಎರಡು ಹಲಗೆ. ಅಲ್ಲಿ ಓಡುತ್ತಲೇ ಸೈಕಲ್ಲಿನಿಂದ ಇಳಿದು, ಅದನ್ನು ಎತ್ತಿಕೊಂಡು ದಾಟಿ, ಓಡುತ್ತಲೇ ಮತ್ತೆ ಹತ್ತಬೇಕು. ದೂರ ಇಷ್ಟೇ ಎಂದಿಲ್ಲ, ಸುಮಾರು ಒಂದು ತಾಸು. 1902ರಲ್ಲಿ ಫ್ರಾನ್ಸಿನಲ್ಲಿ ಇದರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಏರ್ಪಡಿಸಿದವನು ಡ್ಯಾನಿಯೆಲ್ ಗೂಸೋ ಎಂಬ ಸೈನಿಕ. 1910ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಒಕ್ತಾವ್ ಲಾಪೀಜ್ ತನ್ನ ಗೆಲುವಿಗೆ ಈ ಕೆಸರಿನ ಅಭ್ಯಾಸವೂ ಕಾರಣ ಎಂದ ಮೇಲೆ ಇದಕ್ಕೆ ಹೆಸರು ಬಂತು.

ಎರೆಮಣ್ಣಿನ ನಾಡಿನವನಿಗೆ ಇದು ತೀರಾ ಹೊಸತಲ್ಲ. ಮಳೆ ಬಿದ್ದ ಮರುದಿನ ಹೊಲದ ದಾರಿಯಲ್ಲಿ ಸೈಕಲ್ ಹೊಡೆದು ನೋಡಿ, ಹತ್ತು ಮಾರು ಹೋಗುವುದರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕರಿಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ಹಾಕಿ ಕೆದಕಿ, ಕೊನೆಗೆ ಸಾಕಾಗಿ ಸೈಕಲ್ ಹೊತ್ತುಕೊಂಡೇ ಶಾಲೆಗೆ ಹೋದವರು ನಾವು. ಅದಕ್ಕೆ ಯುರೋಪಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಾರೆ ಎಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಾನು ಓದಲು ಬಂದ ಲೀಡ್ಸ್ ನಗರದಲ್ಲೇ 1992ರಲ್ಲಿ ಅದು ನಡೆದಿತ್ತು. 2022ರ ವಿಶ್ವ ಚಾಂಪಿಯನ್ ಟಾಮ್ ಪಿಡ್‌ಕಾಕ್ ಹುಟ್ಟಿದ್ದೂ ಇದೇ ಊರಲ್ಲಿ.

ಹದಿಮೂರನೇ ವಯಸ್ಸಿನಲ್ಲಿ ನಾನೂ ನನ್ನ ಗೆಳೆಯನೂ ಸೈಕ್ಲಿಂಗ್ ಆಯ್ಕೆ ಪರೀಕ್ಷೆಯೊಂದಕ್ಕೆ ಹೋಗಿದ್ದೆವು. ಅವನು ಆಯ್ಕೆಯಾದ. ನನ್ನ ಹೆಸರು ಓದಲಿಲ್ಲ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅವನು ನನಗಿಂತ ಎಷ್ಟೋ ವೇಗ. ಆದರೆ ಅಂದೇ ನಾನು ಸೈಕಲ್ ಬಿಟ್ಟೆ. ಯಾರೂ ಬಿಡು ಎನ್ನಲಿಲ್ಲ, ಇನ್ನೂ ಹೊಡಿ ಎಂದೂ ಅನ್ನಲಿಲ್ಲ. ಆಯ್ಕೆಯಾಗದವನು ಸೈಕಲ್ ಹೊಡೆಯುವುದಾದರೂ ಯಾಕೆ? ನಮ್ಮ ಭಾಗದ ಜಾತ್ರೆಗಳಲ್ಲೂ ಸೈಕಲ್ ರೇಸು ಇಡುತ್ತಾರೆ. ಮೊದಲ ಮೂರೋ ನಾಲ್ಕೋ ಮಂದಿಗೆ ಬಹುಮಾನ. ಹಿಂದಿನವರು ಊರು ಮುಟ್ಟುವಷ್ಟರಲ್ಲಿ ಮಂದಿ ಪೆಂಡಾಲ್ ಬಿಟ್ಟು ಊಟಕ್ಕೆ ಹೋಗಿರುತ್ತಾರೆ.

ಗೆಳೆಯನ ಕಥೆ ಬೇರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದ. ರಾಜ್ಯಮಟ್ಟಕ್ಕೆ ಹೋದ. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ನೌಕರಿ ಸಿಗುತ್ತದೆಂದು ಮನೆಯವರೆಲ್ಲ ಕಾದರು. ಅದಕ್ಕೆ ಬೇಕಾದ ಮಟ್ಟದ ಪದಕ ಬರಲಿಲ್ಲ, ವಯಸ್ಸು ಮೀರುತ್ತಾ ಬಂತು. ಇಪ್ಪತ್ನಾಲ್ಕಕ್ಕೆ ಸೈಕಲ್ ಮಾರಿದ. ಈಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ಡೆಲಿವರಿ ಮಾಡುತ್ತಾನೆ. ಹದಿಮೂರಕ್ಕೇ ಸೋತ ನಾನೂ ಬಿಟ್ಟೆ, ಇಪ್ಪತ್ನಾಲ್ಕರವರೆಗೆ ಗೆಲ್ಲುತ್ತಲೇ ಬಂದ ಅವನೂ ಬಿಟ್ಟ. ನನಗೆ ಕೇಡೆನಿಸುವುದು ಇದೇ.

ಕ್ರೀಡೆಯಿಂದ ನೌಕರಿ ಹುಡುಕುವುದನ್ನು ನಾನು ಹಗುರವಾಗಿ ಮಾತಾಡಲಾರೆ. ಎರಡೆಕರೆ ಒಣಬೇಸಾಯದ ಮನೆಯ ಹುಡುಗನಿಗೋ ಹುಡುಗಿಗೋ ಸೈಕಲ್ಲಿನಿಂದ ಒಂದು ಸರ್ಕಾರಿ ನೌಕರಿ ಸಿಕ್ಕರೆ ಇಡೀ ಮನೆ ಮೇಲೆ ಬರುತ್ತದೆ. ಅಂಥವರನ್ನು ಕಂಡಿದ್ದೇನೆ. ಅವರಿಗೆ ‘ಸಂತೋಷಕ್ಕಾಗಿ ಆಡಿ’ ಎಂದು ಉಪದೇಶಿಸಲು ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯ. ಆದರೆ ಆ ಒಂದೇ ಬಾಗಿಲು ಇಟ್ಟು ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿದ್ದೇವಲ್ಲ, ಅದು ನನ್ನ ತಕರಾರು. ಕಾಲೇಜಿನಲ್ಲೂ ಅಷ್ಟೇ. ತಂಡಕ್ಕೆ ಹನ್ನೊಂದು ಜನ ಆಯ್ಕೆಯಾದ ದಿನವೇ ಉಳಿದ ಎರಡು ಸಾವಿರ ವಿದ್ಯಾರ್ಥಿಗಳ ಆಟ ಮುಗಿಯುತ್ತದೆ. ಆಮೇಲೆ ಅವರ ಕೆಲಸ ಚಪ್ಪಾಳೆ ಹೊಡೆಯುವುದು.

ಇಲ್ಲಿ ನಾನು ಕಂಡದ್ದು ಬೇರೆ. ಆ ದಿನ ಬೆಳಿಗ್ಗೆ ಅದೇ ಪಾರ್ಕಿನಲ್ಲಿ ಮೊದಲು ಇಳಿದದ್ದು ಎಂಟು ವರ್ಷದೊಳಗಿನ ಮಕ್ಕಳು. ಆಮೇಲೆ ಹದಿಹರೆಯದವರು, ಮಹಿಳೆಯರು, ಐವತ್ತು ದಾಟಿದವರು. ನನಗೆ ಗಂಟೆ ಬಾರಿಸಿದ ಅಜ್ಜನ ಪ್ಯಾಂಟಿನಲ್ಲೂ ಕೆಸರಿತ್ತು, ತನ್ನ ರೇಸು ಮುಗಿಸಿ ಬಂದು ನಿಂತಿದ್ದ. ವಿಶ್ವ ಚಾಂಪಿಯನ್‌ಷಿಪ್‌ನಂಥ ದೊಡ್ಡ ರೇಸುಗಳಲ್ಲಿ ಮುಂದಿರುವವನಿಗಿಂತ ಬಹಳ ಹಿಂದೆ ಬಿದ್ದವರನ್ನು ನಡುವೆಯೇ ಹೊರಗೆ ಕಳಿಸುತ್ತಾರೆ. ನಮ್ಮದರಲ್ಲಿ ಹಾಗಿಲ್ಲ. ಮೊದಲಿಗ ಮುಗಿಸಿದ ಮೇಲೆ ಪ್ರತಿಯೊಬ್ಬನೂ ತಾನಿರುವ ಸುತ್ತನ್ನು ಮುಗಿಸಿ ಗೆರೆ ದಾಟುತ್ತಾನೆ. ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ‘ಎರಡು ಸುತ್ತು ಕಡಿಮೆ’ ಎಂದಿದೆ. ಕಡಿಮೆ ನಿಜ, ಆದರೆ ಹೆಸರಿದೆ. ನನ್ನ ಹಿಂದಿನ ಹದಿಮೂರು ಮಂದಿಯ ಹೆಸರೂ ಇದೆ.

ನೌಕರಿ ಹುಡುಕುತ್ತಿರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಸ್ನಾತಕೋತ್ತರ ಪದವಿ ಮುಗಿಸಿ ವಾರಾಂತ್ಯಕ್ಕೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾ ನಾನು ಅರವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದೇನೆ. ಬರುವ ಉತ್ತರಗಳು ‘ವಿಷಾದಿಸುತ್ತೇವೆ’ ಎಂದು ಶುರುವಾಗುತ್ತವೆ. ಎಷ್ಟೋ ಅರ್ಜಿಗಳಿಗೆ ಉತ್ತರವೇ ಇಲ್ಲ. ನಾನು ಎರಡನೆಯವನಾಗಿ ಸೋತೆನೋ ಇನ್ನೂರನೆಯವನಾಗಿಯೋ ತಿಳಿಯುವುದಿಲ್ಲ. ಎಲ್ಲಿ ಎಡವಿದೆ ಎಂದೂ ತಿಳಿಯುವುದಿಲ್ಲ. ರೇಸಿನಲ್ಲಿ ತಿಳಿಯುತ್ತದೆ. ಮರಳಿನಲ್ಲಿ ಎರಡು ಸಲ ಬಿದ್ದೆ, ಟೈರಿಗೆ ಗಾಳಿ ಜಾಸ್ತಿ ಹಾಕಿದ್ದೆ, ಕೊನೆಯ ಸುತ್ತಿನಲ್ಲಿ ಮೂವರನ್ನು ಹಿಂದೆ ಹಾಕಿದೆ. ಆ ಮೂವರ ಬಗ್ಗೆ ಅಪ್ಪನಿಗೆ ಹೇಳಲು ಮರೆತೆ.

ರೂಮ್‌ಮೇಟ್ ಒಬ್ಬ, ‘ಇದನ್ನು ರೆಸ್ಯೂಮೆಯಲ್ಲಿ ಹಾಕು, ಛಲ, ಸಹನೆ ಅಂತೆಲ್ಲ ಬರೀಬಹುದು’ ಎಂದ. ಒಂದು ಸಂಜೆ ಹಾಕಿಯೂ ನೋಡಿದೆ. ಓದಿದರೆ ನನಗೇ ಮುಜುಗರವಾಯಿತು. ಅಳಿಸಿಬಿಟ್ಟೆ. ಓದು, ಇಂಟರ್ನ್‌ಷಿಪ್, ಸ್ವಯಂಸೇವೆ ಎಲ್ಲವನ್ನೂ ಆ ಎರಡು ಪುಟಕ್ಕಾಗಿಯೇ ಮಾಡಿದ್ದಾಗಿದೆ. ಒಂದಾದರೂ ಹೊರಗಿರಲಿ ಅನಿಸಿತು. ಸಂದರ್ಶನದಲ್ಲಿ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲದ, ಕೆಟ್ಟದಾಗಿ ಮಾಡಿದರೂ ಮುಂದಿನ ಭಾನುವಾರ ಮತ್ತೆ ಮಾಡಬಹುದಾದ ಒಂದು.

ಹಾಗಂತ ಇದೆಲ್ಲ ಪುಕ್ಕಟೆಯಲ್ಲ. ನನ್ನದು ಮೂರು ಕೈ ದಾಟಿ ಬಂದ ಸೈಕಲ್, ಬೂಟು ಕ್ಲಬ್ಬಿನವರು ಕೊಟ್ಟದ್ದು. ನಮ್ಮ ಊರುಗಳಿಗೆ ಇಂಥ ಸೈಕಲ್ಲೇ ಬರಬೇಕು ಎಂದು ನಾನು ಹೇಳುತ್ತಿಲ್ಲ. ಶಾಲೆಯ ಸೈಕಲ್ಲು ಸಾಕು, ಕಟಾವಾದ ಒಂದು ಹೊಲ ಸಾಕು, ಸುತ್ತಲೂ ಒಂದು ಹಗ್ಗ ಸಾಕು. ಎದೆಗೆ ನಂಬರ್ ಚೀಟಿ ಎಲ್ಲರಿಗೂ ಬೇಕು. ಗಡಿಯಾರ ಹಿಡಿದವನು ಕೊನೆಯವನು ಬರುವ ತನಕ ಜಾಗ ಬಿಟ್ಟು ಏಳಬಾರದು. ಕಾಲೇಜುಗಳು ವರ್ಷಕ್ಕೊಂದು ದಿನ ಆಯ್ಕೆಯಿಲ್ಲದ ರೇಸು ಇಡಲಿ, ಜಾತ್ರಾ ಕಮಿಟಿಯವರು ಮೊದಲ ಬಹುಮಾನದಲ್ಲಿ ಸ್ವಲ್ಪ ಉಳಿಸಿ ನಲವತ್ತು ದಾಟಿದವರಿಗೂ ಒಂದು ಓಟ ಇಡಲಿ. ನಮ್ಮ ಅಪ್ಪ ಬರುವುದಿಲ್ಲ ಎನ್ನುತ್ತಾರೆ, ಬಂದೇ ಬರುತ್ತಾರೆ.

ರೇಸಿನ ವಿಡಿಯೊವನ್ನು ಗೆಳೆಯನಿಗೆ ಕಳಿಸಿದ್ದೆ. ನಾನು ಹಲಗೆಗಳ ಮುಂದೆ ಇಳಿದು, ಎಡವಿ, ಸೈಕಲ್ ಎತ್ತಿಕೊಂಡು ದಾಟುವ ದೃಶ್ಯ. ಎರಡು ದಿನ ಉತ್ತರ ಬರಲಿಲ್ಲ. ಹಳೆಯ ಗಾಯ ಕೆದಕಿದೆನೇನೋ ಅಂದುಕೊಂಡೆ. ಮೂರನೇ ದಿನ ರಾತ್ರಿ, ಅಲ್ಲಿ ಅವನ ಕೊನೆಯ ಆರ್ಡರ್ ಮುಗಿದ ಮೇಲೆ, ಫೋನ್ ಬಂತು. ನಮಸ್ಕಾರ ಇಲ್ಲ, ಹೇಗಿದ್ದೀ ಇಲ್ಲ.

‘ಆ ಹಲಗಿ ಎಷ್ಟ್ ಎತ್ತರ ಅದಾವು?’

‘ನಲವತ್ತ ಸೆಂಟಿಮೀಟರ್.’

‘ಇಳಿಯೂದ್ಯಾಕೋ ಮತ್ತ? ಮುಂದಿನ ಗಾಲಿ ಎತ್ತಿ ಹಾರಿಸಿದ್ರ ಆತಲ್ಲ.’